ಕೋಟಿನ ಬಿಳಿ

ಬಲಗಣ್ಣು ಮುಚ್ಚಿದರೆ ಗೋಡೆ ಚಹಾ ಚೆಲ್ಲಿದ ಬಟ್ಟೆಯ ಬಣ್ಣಕ್ಕಿತ್ತು, ಎಡಗಣ್ಣು ಮುಚ್ಚಿದರೆ ಅದೇ ಗೋಡೆ ಬೆಳ್ಳಗಿತ್ತು. ಹೊಲಿಗೆ ಸಾಮಾನಿನ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಹೀಗೆ ಒಂದೊಂದೇ ಕಣ್ಣು ಮುಚ್ಚಿ ತೆರೆಯುತ್ತಿದ್ದುದನ್ನು ನೋಡಿ ಯಜಮಾನ, ಈ ವಯಸ್ಸಿನಲ್ಲಿ ಯಾರಿಗಮ್ಮ ಕಣ್ಣು ಹೊಡೆಯುತ್ತಿದ್ದೀರಿ ಎಂದು ಗಲ್ಲಾದಿಂದಲೇ ತಮಾಷೆ ಮಾಡಿದ. ಅವಳು ನಗಲಿಲ್ಲ. ಬಲಗಣ್ಣಿನ ಪೊರೆ ತೆಗೆಸಿಕೊಂಡು, ಡಾಕ್ಟರು ಹೇಳಿದಷ್ಟು ದಿನ ಮನೆಯಲ್ಲಿ ಕೂತು, ಇವತ್ತೇ ಕೆಲಸಕ್ಕೆ ಮರಳಿದ್ದಳು. ಎಡಗಣ್ಣಿನ ಸರದಿ ಮುಂದಿನ ವಾರ. ಮನೆಯಲ್ಲಿದ್ದಷ್ಟು ದಿನವೂ ಕಪ್ಪು ಕನ್ನಡಕ ತೆಗೆಯಕೂಡದು, ಕಂಪ್ಯೂಟರಿನ ಹತ್ತಿರ ಸುಳಿಯಕೂಡದು ಎಂದು ಗಂಡ ಕಾವಲು ಕಾದಿದ್ದರಿಂದ, ಹೊಸ ಕಣ್ಣಿಗೆ ಏನು ದಕ್ಕಿದೆ ಎಂಬುದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ತನ್ನ ದಾರದ ವಿಭಾಗದಲ್ಲಿ, ನೆಲದಿಂದ ಸೂರಿನವರೆಗೆ ಜೋಡಿಸಿದ್ದ ಗಾಜಿನ ಡ್ರಾಯರುಗಳ ಮುಂದೆ ನಿಂತಾಗ ನೀಲಿಯ ಸಾಲು ಮೈಮೇಲೇ ಬಂದಂತಾಯಿತು. ಇಷ್ಟೊಂದು ನೀಲಿ ಇತ್ತೇ ಇಲ್ಲಿ? ಆಕಾಶದ್ದು, ಶಾಯಿಯದ್ದು, ಶಾಲೆಯ ಸಮವಸ್ತ್ರದ್ದು, ಪಾರಿವಾಳದ ಕತ್ತಿನದ್ದು, ಒಂದೊಂದೂ ಬೇರೆಬೇರೆಯಾಗಿ, ಒಂದನ್ನೊಂದು ಮುಟ್ಟದೆ ನಿಂತಿದ್ದವು. ಮೊದಲು ಖುಷಿಯಾಯಿತು, ಬಾಯಿ ತುಂಬ ನಗು ಬಂತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಲೋಕದಲ್ಲಿ ನೀಲಿ ಇಷ್ಟಿದ್ದು, ತನಗೆ ಇಷ್ಟು ದಿನ ಕಾಣಿಸದೇ ಇದ್ದಿದ್ದರೆ, ಇವತ್ತು ಸಂಜೆ ಬಿಡುಗಡೆಯಾಗಬೇಕಾದ ಹಳೆಯ ಸಿನಿಮಾಕ್ಕೆ ಬಣ್ಣ ತುಂಬುತ್ತ ತಾನು ಸುರಿದಿರುವ ನೀಲಿ ಎಷ್ಟು?

ಆ ಚಿತ್ರವನ್ನು ಅವಳು ಮೊದಲು ನೋಡಿದ್ದು ಹುಡುಗಿಯಾಗಿದ್ದಾಗ, ಬಟ್ಟೆ ಹೊಲಿಯುತ್ತಿದ್ದ ಚಿಕ್ಕಮ್ಮನ ಜೊತೆ, ಮಧ್ಯಾಹ್ನದ ಆಟದಲ್ಲಿ. ಹಡಗಿನಂಥ ವಾಹನವೊಂದು ಯಾವುದೋ ಗ್ರಹದಲ್ಲಿ ಇಳಿಯುತ್ತದೆ. ಬಿಳಿ ಕೋಟಿನ ವೈದ್ಯೆಯೊಬ್ಬಳು ಬೆಳಗಿನ ಜಾವ ಹೊರಗೆ ಬಂದು, ಎಲ್ಲರೂ ಬೇಡ ಬೇಡ ಎನ್ನುತ್ತಿದ್ದರೂ ಹೆಲ್ಮೆಟ್ಟಿನಂತೆ ತಲೆಗೆ ತೊಟ್ಟಿದ್ದ ಗಾಜಿನ ಬುರುಡೆಯನ್ನು ತೆಗೆದು ಆ ಗಾಳಿಯನ್ನು ಉಸಿರಾಡುತ್ತಾಳೆ. ಸಾಯುವುದಿಲ್ಲ. ಅವಳ ಹಿಂದೆ ಆಕಾಶ ಬೆಳಗಾಗುತ್ತದೆ. ಅಷ್ಟೇ ಸಾಕಾಗಿತ್ತು ಆ ಹುಡುಗಿಗೆ. ದಾರಿಯುದ್ದಕ್ಕೂ ಚಿಕ್ಕಮ್ಮ ಆ ಆಕಾಶ ಕೋಟಿನ ಒಳಗೆ ಹೊಲಿಯುವ, ಮಾಸಿ ಹಳದಿಯಾದ ಅಸ್ತರಿನ ಬಣ್ಣ ಎಂದು ವಾದಿಸಿದ್ದಳು; ಇವಳು, ಅಲ್ಲ, ತೆಳು ನೇರಳೆ ಎಂದು ಹಟ ಹಿಡಿದಿದ್ದಳು. ಎಷ್ಟೋ ವರ್ಷದ ಮೇಲೆ ಕಂಪನಿಯವರು ಅದನ್ನು ಡಿಸ್ಕಿನಲ್ಲಿ ಮತ್ತೆ ಹೊರತಂದರು. ಡಬ್ಬಿಯ ಮೇಲೆ ಮೂಲ ಬಣ್ಣಗಳಲ್ಲಿ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಒಳಗೆ ನೋಡಿದರೆ ಇಡೀ ಚಿತ್ರವನ್ನು ಪಾಚಿ ನೀರಿನಲ್ಲಿ ಅದ್ದಿ ತೆಗೆದಿದ್ದರು. ಮುಖಗಳು ಹಸಿರು, ಕೋಟು ಹಸಿರು, ಬೆಳಗೂ ಹಸಿರು. ಬದಲಾಯಿಸಿದ್ದಕ್ಕಿಂತ ಹೆಚ್ಚಾಗಿ ಬಾಯಿ ಬಿಡದೆ ಬದಲಾಯಿಸಿದ್ದು ಅವಳ ಮೈ ಉರಿಸಿತು. ಇದೇ ಉರಿ ಹತ್ತಿದ ಜನ ಊರೂರಲ್ಲಿದ್ದರು. ಒಬ್ಬರನ್ನೊಬ್ಬರು ಕಂಡವರಲ್ಲ, ಇಂಟರ್ನೆಟ್ಟಿನಲ್ಲೇ ಸೇರಿ ಚಿತ್ರವನ್ನು ಮೊದಲಿನಂತೆ ಮಾಡಲು ಹೊರಟಿದ್ದರು. ಒಬ್ಬ ಫಿಲ್ಮಿನ ಗೀರು ಅಳಿಸುತ್ತಿದ್ದ, ಒಬ್ಬ ಸದ್ದು ಸರಿಮಾಡುತ್ತಿದ್ದ. ಗುಂಪು ಕಟ್ಟಿದ ಕ್ಯಾಪ್ಟನ್ ಎಂಬ ಅಡ್ಡಹೆಸರಿನವನು ಕೆಡವುತ್ತಿದ್ದ ಚಿತ್ರಮಂದಿರದಿಂದ ಹಳೆಯ ಪ್ರಿಂಟು ತಂದಿದ್ದ. ಅದರ ಬಣ್ಣವೆಲ್ಲ ಇಳಿದು ಬರೀ ಗುಲಾಬಿ ಉಳಿದಿತ್ತು. ಆ ಗುಲಾಬಿಯಿಂದ ಹಳೆಯ ಬಣ್ಣಗಳನ್ನು ಮತ್ತೆ ಎಬ್ಬಿಸುವ ಕೆಲಸ ಇವಳದಾಗಿತ್ತು. ಗುಂಪಿನಲ್ಲಿ ಇವಳ ಹೆಸರು ದಾರ. ಮಾತಾಡದೆ ಬರೆಯುವುದಷ್ಟನ್ನೇ ಮಾಡುತ್ತಿದ್ದುದರಿಂದ ಅವರೆಲ್ಲ ದಾರ ಸರ್ ಎನ್ನುತ್ತಿದ್ದರು. ಇವಳೂ ತಿದ್ದಲು ಹೋಗಿರಲಿಲ್ಲ.

ಕಪ್ಪು ದಾರದ ಡ್ರಾಯರು ಎಳೆದಳು. ಅವಳು ಹುಡುಕುತ್ತಿದ್ದುದು ಅಲ್ಲಿರಬಾರದ ನೀಲಿ ಉಂಡೆಗಳನ್ನು. ಕಳೆದ ಚಳಿಗಾಲದಲ್ಲಿ ಒಬ್ಬ ದರ್ಜಿ ಹೊಲಿದು ಮುಗಿಸಿದ ನೀಲಿ ಕೋಟನ್ನೇ ಅಂಗಡಿಗೆ ಎತ್ತಿಕೊಂಡು ಬಂದು, ಗಿರಾಕಿಗಳ ಮುಂದೆ ಅದರ ಅಂಚನ್ನು ಇವಳ ಮೂಗಿನ ಕೆಳಗೆ ಹಿಡಿದಿದ್ದ. ನೀಲಿಯೆಂದು ಇವಳು ಕೊಟ್ಟಿದ್ದ ಕಪ್ಪು ದಾರದ ಹೊಲಿಗೆ ಇರುವೆಯ ಸಾಲಿನಂತೆ ಉದ್ದಕ್ಕೂ ಎದ್ದು ಕಾಣುತ್ತಿತ್ತು ಎಂದು ಉಳಿದವರು ಹೇಳಿದರು, ಇವಳಿಗೆ ಕಂಡಿರಲಿಲ್ಲ. ಆವತ್ತೇ ಯಜಮಾನ ಕಣ್ಣಿನ ಆಸ್ಪತ್ರೆಯ ವಿಳಾಸ ಕೈಗಿಟ್ಟಿದ್ದು. ಅದೊಂದೇ ಸಲದ ಎಡವಟ್ಟು ಎಂದು ಇವಳು ತನಗೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಡ್ರಾಯರಿನಲ್ಲಿ ಕಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ. ಉಂಡೆಗಳು ಅಚ್ಚುಕಟ್ಟಾಗಿ ಕೂತಿದ್ದವು. ಜೀವ ಬಂದಂತಾಗಿ ಉಸಿರು ಬಿಡುವಷ್ಟರಲ್ಲಿ ಪಕ್ಕದ ಗುಂಡಿ ವಿಭಾಗದವಳು, ಇವಳ ಓರಗೆಯವಳು, ಇವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು, ಗುಂಡಿಗಳನ್ನು ಬೇರ್ಪಡಿಸುತ್ತಲೇ ಹೇಳಿದಳು:

"ಕಪ್ಪಲ್ಲಿ ನೀಲಿ ಹುಡುಕ್ತಿದೀಯಾ? ಸಿಗಲ್ಲ. ನೀನು ಹೋದ್ಮೇಲೆ ದಿನಾ ಸಂಜೆ ನಾನೇ ತೆಗೆದಿಡ್ತಿದ್ದೆ."

"ಎಷ್ಟು ದಿನದಿಂದ?"

"ಬಿಡು ಈಗ. ಕಣ್ಣು ಬಂತಲ್ಲ."

"ನನಗೆ ಹೇಳಬೇಕಿತ್ತು."

"ಹೇಳಿದ್ನಲ್ಲ ಒಂದ್ಸಲ. ನೀನು ನನಗೇ ಬಣ್ಣದ ಪಾಠ ಮಾಡ್ದೆ. ಸಹವಾಸ ಬೇಡಪ್ಪ ಅಂತ ಸುಮ್ನಾದೆ."

ಅವಳ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಇಡೀ ಅಂಗಡಿಗೆ ಗೊತ್ತಿತ್ತು. ಲೆಕ್ಕ ಬರೆಯುವವನಿಗೆ, ಕಸ ಗುಡಿಸುವವಳಿಗೆ, ಬಾಗಿಲಲ್ಲಿ ತಮಾಷೆ ಮಾಡಿದ ಯಜಮಾನನಿಗೆ, ಎಲ್ಲರಿಗೂ. ಇವಳು ಬೆಳಿಗ್ಗೆ ಬಂದು ಗಿರಾಕಿಯ ಚೂರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದೊಡ್ಡ ಪರೀಕ್ಷಕಳ ಹಾಗೆ ಹುಬ್ಬು ಗಂಟಿಕ್ಕಿ, ಡ್ರಾಯರು ಎಳೆದು ಉಂಡೆ ಎತ್ತಿ ಕೊಡುವುದು. ಬೆನ್ನ ಹಿಂದೆ ಒಬ್ಬಳು ಪಾಪ ಎಂದುಕೊಂಡು ತಿದ್ದುವುದು. ಪಾಪ ಎನ್ನುವುದಕ್ಕಿಂತ ಆ ದರ್ಜಿಯ ಹಾಗೆ ಕೋಟು ತಂದು ಮುಖಕ್ಕೆ ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು. ಗುಂಡಿಯವಳ ಮೇಲೆ ಸಿಟ್ಟು ಬಂತು. ಉಪಕಾರ ಮಾಡಿದವಳ ಮೇಲೆ ಸಿಟ್ಟೇ ಎಂದು ನಾಚಿಕೆಯೂ ಆಯಿತು. ಹೌದು, ಸಿಟ್ಟೇ ಎಂದು ಮತ್ತೆ ಹಟ ಬಂತು. ಮಧ್ಯಾಹ್ನದ ಊಟವನ್ನು ಇಬ್ಬರೂ ಎಂದಿನಂತೆ ಒಂದೇ ಬೆಂಚಿನ ಮೇಲೆ ಕೂತು ಮಾಡಿದರು. ಗುಂಡಿಯವಳು ಸೊಸೆಯ ಸುದ್ದಿ ತೆಗೆದಳು. ಇವಳು ಹೂಂಗುಟ್ಟುತ್ತ ಒಮ್ಮೆ ಬಲಗಣ್ಣಿನಿಂದ, ಒಮ್ಮೆ ಎಡಗಣ್ಣಿನಿಂದ ತನ್ನ ಡಬ್ಬಿಯ ಅನ್ನವನ್ನು ನೋಡಿದಳು. ಅನ್ನದ ಬಣ್ಣವೂ ಎರಡಿತ್ತು.

ಮೊದಲ ದಿನವೆಂದು ಯಜಮಾನ ಬೇಗ ಬಿಟ್ಟಿದ್ದ. ಬಿಸಿಲಿರುವಾಗಲೇ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗ ಗೂಬೆಯ ನೆನಪಾಯಿತು. ಗೂಬೆ ಎಂದು ಅವನೇ ಇಟ್ಟುಕೊಂಡ ಹೆಸರು. ಎಲ್ಲರೂ ಮಲಗಿದ ಮೇಲೆ ಗುಂಪಿಗೆ ಬಂದು ಬರೆಯುತ್ತಿದ್ದ. ಮನುಷ್ಯನಿಗೆ ನಯನಾಜೂಕು ಏನೂ ಇರಲಿಲ್ಲ. ಬಣ್ಣ ಅಳೆಯುವ ಗೆರೆಗಳು, ಅಂಕಿಗಳು, ಅಷ್ಟೇ ಅವನ ಮಾತು. ಮೊದಲ ರೀಲು ಮುಗಿಸಿ ಇವಳು ಎಲ್ಲರಿಗೂ ತೋರಿಸಿದಾಗ ಆಹಾ ಓಹೋ ಎನ್ನುವವರ ನಡುವೆ ಗೂಬೆ ಒಂದೇ ಸಾಲು ಬರೆದಿದ್ದ, ವೈದ್ಯೆಯ ಕೋಟು ನೀಲಿಯಾಗಿದೆ, ಅದು ಬಿಳಿ ಇರಬೇಕು ಎಂದು. ಆ ಗ್ರಹದ ಬೆಳಕಿನಲ್ಲಿ ಬಿಳಿ ಹಾಗೇ ಕಾಣುವುದು ಎಂದು ಇವಳು ಉತ್ತರಿಸಿದಳು. ಹಡಗಿನ ಒಳಗೂ ಹಾಗೇ ಇದೆಯಲ್ಲ, ಒಳಗೆ ಯಾವ ಗ್ರಹದ ಬೆಳಕು ಎಂದು ಅವನು ಕೇಳಿದ. ಉತ್ತರವಿಲ್ಲದಾಗ ಏನು ಮಾಡುತ್ತಾರೋ ಅದನ್ನೇ ಮಾಡಿದ್ದಳು: ಗೂಬೆಗಳಿಗೆ ಹಗಲಿನ ಬಣ್ಣ ತಿಳಿಯುವುದು ಕಷ್ಟ ಎಂದು ಬರೆದಳು. ಗುಂಪಿಗೆ ಗುಂಪೇ ನಕ್ಕಿತು. ಚಿಕ್ಕವನ ಬೆನ್ನಿಗೆ ಗುದ್ದಿ ನಕ್ಕ ಹಾಗಿತ್ತು ಆ ನಗು, ಅದರ ರುಚಿ ಇವಳಿಗೆ ಹತ್ತಿತು. ಅವನು ಮತ್ತೆ ಮತ್ತೆ ಕೋಟು ಕೋಟು ಎಂದಾಗ, ಈ ಕಿರಿಕಿರಿಯಲ್ಲಿ ನನ್ನಿಂದ ಕೆಲಸವಾಗದು, ಅವನೋ ನಾನೋ ತೀರ್ಮಾನಿಸಿ ಎಂದು ಕ್ಯಾಪ್ಟನ್‌ಗೆ ಹೇಳಿದಳು. ಗೂಬೆಯನ್ನು ಹೊರಗೆ ಹಾಕಿದರು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದ ಲಾರಿಯ ಮೇಲೆ ಹೊದಿಸಿದ್ದ ತಾಡಪಾಲು ಕಣ್ಣು ಕುಕ್ಕುವಷ್ಟು ನೀಲಿಯಾಗಿತ್ತು. ಎಡಗಣ್ಣಿನಿಂದ ನೋಡಿದಳು: ಬೂದು. ಅವನೊಬ್ಬನೇ ಮುಖಕ್ಕೆ ಹೇಳಿದ್ದು ಎಂದುಕೊಂಡಳು, ಉಳಿದವರೆಲ್ಲ ಗುಂಡಿಯವಳ ಜಾತಿ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಕಂಪ್ಯೂಟರಿದ್ದ ಹಿಂದಿನ ಕೋಣೆಗೆ ನಡೆದಳು. ಗಂಡ ಅಡುಗೆಮನೆಯಿಂದ, ಬಂದ ತಕ್ಷಣ ಎರಡನೇ ಗಂಡನ ಹತ್ತಿರ ಓಡುತ್ತೀಯಲ್ಲ, ಮೊದಲನೆಯವನು ಇನ್ನೂ ಬದುಕಿದ್ದಾನೆ ಎಂದು ಕೂಗಿದ. ನೀರು ಸರಬರಾಜಿನ ಕಚೇರಿಯಲ್ಲಿ ದುಡಿದು ನಿವೃತ್ತನಾದ ಮೇಲೆ ಅಡುಗೆಯ ಜೊತೆ ಈ ತಮಾಷೆಯನ್ನೂ ಅವನು ವಹಿಸಿಕೊಂಡಿದ್ದ. ಆ ಕೋಣೆಗೆ ಅವಳು ಬೂದು ಬಣ್ಣ ಬಳಿಸಿದಾಗಲೂ ಅಷ್ಟೇ. ಅಕ್ಕ ಬಂದು, ಇದೇನು ಸೂತಕದ ಮನೆಯ ಹಾಗೆ ಎಂದು ಮೂಗು ಮುರಿದಿದ್ದಳು. ಇವನು, ಬಣ್ಣದ ಕೆಲಸ ಮಾಡುವವರ ಮನೆಯಲ್ಲಿ ಬಣ್ಣ ಇರಬಾರದಂತೆ, ನಾಳೆ ನನಗೂ ಬೂದು ಅಂಗಿಯೇ ಎಂದು ನಗಿಸಿದ್ದ. ಗೋಡೆಯ ಬಣ್ಣ ಪರದೆಯ ಮೇಲೆ ಪ್ರತಿಫಲಿಸಿ ಕಣ್ಣಿಗೆ ಮೋಸ ಮಾಡಬಾರದು ಎಂದು ಬೂದು. ಹೊರಗಿನ ಬಿಸಿಲು ನುಸುಳಬಾರದು ಎಂದು ಕಿಟಕಿಗೆ ದಪ್ಪ ಪರದೆ. ಮಾನಿಟರಿನ ಬಣ್ಣ ಹಾದಿ ತಪ್ಪಬಾರದು ಎಂದು ಅದರ ಮುಖಕ್ಕೆ ತಿಂಗಳು ತಿಂಗಳೂ ಅಳತೆಯ ಯಂತ್ರ ಅಂಟಿಸಿ ಪರೀಕ್ಷೆ. ಗೂಬೆ ಹಿಡಿದುಕೊಂಡು ಜೋತಾಡುತ್ತಿದ್ದ ಅಂಕಿಗಳನ್ನು ಮಾತ್ರ ಅವಳು ದೂರವಿಟ್ಟಿದ್ದಳು. ಬಣ್ಣವನ್ನು ನೆನಪಿನಿಂದ ಎಬ್ಬಿಸುತ್ತೇನೆ, ನೋಡಿದವಳು ನಾನು ಎನ್ನುತ್ತಿದ್ದಳು. ಗೋಡೆ ಸರಿಮಾಡಿದಳು, ದೀಪ ಸರಿಮಾಡಿದಳು, ಪರದೆ ಸರಿಮಾಡಿದಳು. ಇದೆಲ್ಲದರ ಈಚೆ ಒಂದು ಕಣ್ಣು ಕೂತಿದೆ, ಅದೂ ಮಾಸುತ್ತದೆ ಎಂಬುದು ಮಾತ್ರ ಹೊಳೆಯಲೇ ಇಲ್ಲ. ಕಂಪ್ಯೂಟರ್ ಹಚ್ಚಿದಳು. ವೈದ್ಯೆ ಬಾಗಿಲು ತೆರೆದು ಬರುವ ದೃಶ್ಯಕ್ಕೆ ತಂದು ನಿಲ್ಲಿಸಿದಳು. ಎಡಗಣ್ಣಿನಿಂದ ನೋಡಿದಳು, ಕೋಟು ಬಿಳಿ, ಹಾಲಿನ ಹಾಗೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು.

ನೀಲಿ. ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಕೈತಪ್ಪಿ ಸುರಿದಂಥ ನೀಲಿ. ವೈದ್ಯೆಯ ಕೆನ್ನೆ ನೀಲಿ, ಅವಳ ಹಲ್ಲು ನೀಲಿ, ಹೆಣದ ಕಳೆ. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಗಂಡ ಚಹಾ ತಂದು ಪಕ್ಕದಲ್ಲಿಟ್ಟ. ಆ ಕೋಟು ಯಾವ ಬಣ್ಣ ಎಂದು ಅವನನ್ನು ಕೇಳಿದಳು. ನೀಲಿ ಎಂದ, ಅದರಲ್ಲೇನು ಕೇಳುವುದಿದೆ ಎಂಬಂತೆ. ಮೊದಲಿನಿಂದಲೂ ಹೀಗೇ ಕಾಣುತ್ತಿತ್ತೇ? ಮೊದಲಿನಿಂದಲೂ. "ಆಸ್ಪತ್ರೆಯೋರು ನೀಲಿ ಬಟ್ಟೇನೂ ಹಾಕ್ತಾರಲ್ಲ, ಹಂಗೇ ಇರಬೇಕು ಅನ್ಕೊಂಡೆ," ಎಂದ. "ನೀನು ಕೇಳಲೇ ಇಲ್ಲ." ಅವನ ಮುಖ ನೋಡಿದಳು. ಹೊಸ ಕಣ್ಣಿಗೆ ಅವನ ಗಡ್ಡದ ನರೆ, ಕೆನ್ನೆಯ ಮೇಲೆ ತಾನು ಎಂದೂ ಗಮನಿಸಿರದ ಸಣ್ಣ ಕೆಂಪು ನರಗಳು, ಎಲ್ಲ ಸ್ಪಷ್ಟವಾಗಿ ಕಂಡವು. ಕಂಪನಿಯ ಡಿಸ್ಕನ್ನು ಹಾಕಿದಳು. ಒಂದು ಕ್ಷಣ ಭಯವಾಗಿತ್ತು, ಹೊಸ ಕಣ್ಣಿಗೆ ಅದೇ ಸರಿಯೆಂದು ಕಂಡುಬಿಟ್ಟರೆ ತನ್ನ ಜಗಳವೆಲ್ಲ ಸುಳ್ಳಾಗುತ್ತಿತ್ತು. ಇಲ್ಲ, ಅದು ಹಸಿರೇ. ಹಳೆಯ ಕಣ್ಣಿಗೆ ಕಂಡಿದ್ದಕ್ಕಿಂತ ಹೆಚ್ಚು ಹಸಿರು. ಅವರೂ ಕೆಡಿಸಿದ್ದಾರೆ, ನಾನೂ ಕೆಡಿಸಿದ್ದೇನೆ ಎಂದು ಗಟ್ಟಿಯಾಗಿಯೇ ಹೇಳಿದಳು. ಹಾಗೆ ಹೇಳಿದ್ದೇ ತಡ, ಬೆನ್ನು ನೆಟ್ಟಗಾಯಿತು. ಮೊದಲ ರೀಲಿನ ನೀಲಿಯನ್ನು ಇಳಿಸತೊಡಗಿದಳು, ಇಳಿಸಿ, ಇನ್ನೂ ಇಳಿಸಿ, ಕೋಟು ಕೋಟಿನಂತಾಗುವವರೆಗೆ. ಕೆನ್ನೆಗೆ ರಕ್ತ ಬಂತು. ಆಕಾಶಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಅಲ್ಲಿ ನೇರಳೆ ಉಳಿದಿತ್ತು. ಅವಳು ಇಲ್ಲಿಯವರೆಗೆ ತುಂಬಿದ್ದಷ್ಟು ಗಾಢವಲ್ಲ, ತೆಳುವಾಗಿ, ಇದೆಯೋ ಇಲ್ಲವೋ ಎಂಬಂತೆ. ಆ ಮಧ್ಯಾಹ್ನ ಚಿಕ್ಕಮ್ಮನ ಕೈ ಕೊಸರಿಕೊಂಡು ವಾದಿಸಿದ್ದು ಇದಕ್ಕೇ.

ಹೊತ್ತು ಮುಳುಗುವಾಗ ಗುಂಪಿನವರೆಲ್ಲ ಇಂಟರ್ನೆಟ್ ಕರೆಯಲ್ಲಿ ಸೇರಿದರು. ಬಿಡುಗಡೆಯ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗಿರಬೇಕು ಎಂದು ಕ್ಯಾಪ್ಟನ್ ಮೊದಲೇ ಹೇಳಿದ್ದ. ಒಬ್ಬೊಬ್ಬರೂ ಮಾತಾಡಿದರು, ದಾರ ಸರ್ ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ ಎಂದರು. ಅವಳು ಮೊದಲ ಸಲ ಮೈಕಿನ ಗುಂಡಿ ಒತ್ತಿದಳು.

"ಬಿಡುಗಡೆ ಮಾಡಬೇಡಿ. ನಾನು ಕೊಟ್ಟಿರೋ ಬಣ್ಣ ತಪ್ಪು."

ಯಾರು ಮಾತಾಡ್ತಿರೋದು ಎಂದು ಕ್ಯಾಪ್ಟನ್ ಕೇಳಿದ. ದಾರ ಎಂದಳು. ಸರ್ ಅವರ ಮನೆಯವರೇ ಎಂದು ಇನ್ನೊಬ್ಬ ಕೇಳಿದ. ಸರ್ ಎಂಬವರು ಈ ಮನೆಯಲ್ಲಿ ಇಲ್ಲ, ಇರುವವರು ಅಡುಗೆ ಮಾಡುತ್ತಿದ್ದಾರೆ, ಬಣ್ಣದ ಕೆಲಸವೆಲ್ಲ ನನ್ನದೇ ಎಂದು ಹೇಳಿ, ಪೊರೆಯ ವಿಷಯ, ಕೋಟಿನ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಕೇಳಿಸಿಕೊಂಡವರ ಅಯ್ಯೋ ಎಂಬ ದನಿಯಲ್ಲಿ ಮತ್ತೆ ಆ ಪಾಪ ಎನ್ನುವುದು ಕೇಳಿಸಿತು. ಕ್ಯಾಪ್ಟನ್ ಒಳ್ಳೆಯ ಮಾತಿನಲ್ಲೇ ತೊಡಗಿದ. ಜನ ಕಾಯುತ್ತಿದ್ದಾರೆ. ತುಣುಕು ನೋಡಿದವರೆಲ್ಲ ಮೆಚ್ಚಿದ್ದಾರೆ. ಸ್ವಲ್ಪ ನೀಲಿ ಎಂದು ನಮಗೂ ಅನ್ನಿಸಿತ್ತು, ನಿಮ್ಮ ಮನಸ್ಸಿಗೆ ನೋವಾಗಬಾರದು ಎಂದು ಹೇಳಲಿಲ್ಲ. ಈಗ ಹೊರಗೆ ಬಿಟ್ಟುಬಿಡೋಣ. ಆಮೇಲೆ ನಿಧಾನಕ್ಕೆ ಸರಿಮಾಡಿ, ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಸದ್ದಿಲ್ಲದೆ ಇಟ್ಟರಾಯಿತು, ಯಾರಿಗೂ ಗೊತ್ತಾಗುವುದಿಲ್ಲ.

"ಕಂಪನಿಯೋರು ಮಾಡಿದ್ದೂ ಅದನ್ನೇ," ಅಂದಳು. "ಸದ್ದಿಲ್ಲದೆ ಬೇಡ."

ಆಪರೇಷನ್ನಿಗೆ ಮೊದಲು ನೀವು ಕಳಿಸಿದ್ದ ಪ್ರತಿ ನನ್ನ ಹತ್ತಿರ ಇದೆ, ನೀವು ಕೊಡದಿದ್ದರೆ ಅದನ್ನೇ ಬಿಡುತ್ತೇನೆ ಎಂದು ಕ್ಯಾಪ್ಟನ್ ಈಗ ಗಡಸಾದ. ಬಿಡಿ ಎಂದಳು. ಅದರ ಕೆಳಗೆ ಮೊದಲು ಬರೆಯುವವಳು ನಾನು. ಈ ಬಣ್ಣ ತಪ್ಪು, ತಪ್ಪು ಮಾಡಿದವಳು ನಾನೇ, ಗೊತ್ತಿದ್ದೂ ಬಿಟ್ಟವರು ಇವರು ಎಂದು ಬರೆಯುತ್ತೇನೆ. ಹಾಗಾದರೆ ಬಣ್ಣವನ್ನು ಬೇರೆಯವರು ನೋಡಿಕೊಳ್ಳಲಿ ಎಂದ ಅವನು, ನಿಮಗೆ ಆಪರೇಷನ್ ಆಗಿದೆ, ವಯಸ್ಸೂ ಆಗಿದೆ, ವಿಶ್ರಾಂತಿ ತಗೊಳ್ಳಿ. ಆ ಮಾತು ಅವಳನ್ನು ಮುಟ್ಟಬೇಕಾದಲ್ಲೇ ಮುಟ್ಟಿತು. ದರ್ಜಿ ಹಿಡಿದ ಕೋಟಿನ ಅಂಚು, ಗುಂಡಿಯವಳ ಬಿಡು ಈಗ ಎಂಬ ಮಾತು, ಗುಂಪಿನ ನಗುವಿನಲ್ಲಿ ಕೂತಿದ್ದ ಗೂಬೆ, ಎಲ್ಲ ಒಂದರ ಮೇಲೊಂದು ಬಂದವು.

"ನಿಮ್ಮ ಕಣ್ಣು ಯಾವಾಗ ಪರೀಕ್ಷೆ ಮಾಡಿಸಿದ್ರಿ, ಕ್ಯಾಪ್ಟನ್?"

ಗೀರು ಅಳಿಸುವವನು ಫಕ್ಕನೆ ನಕ್ಕುಬಿಟ್ಟ. ಆಮೇಲೆ ಸದ್ದು ಸರಿಮಾಡುವವನು, ತನಗೆ ಕನ್ನಡಕ ಬಂದು ಎಷ್ಟೋ ಕಾಲವಾಯಿತು, ಬದಲಾಯಿಸಿಲ್ಲ ಎಂದು ಒಪ್ಪಿಕೊಂಡ. ಇವಳು ಬಿಡಲಿಲ್ಲ. ಈ ಗುಂಪಿನಲ್ಲಿ ಪೊರೆ ತೆಗೆದ ಕಣ್ಣು ಇರುವುದು ನನಗೊಬ್ಬಳಿಗೇ. ಮೊದಲ ರೀಲಿನಿಂದ ನಾನೇ ಮತ್ತೆ ಮಾಡುತ್ತೇನೆ. ಅಂಕಿಗಳೂ ಬೇಕು, ಅದಕ್ಕೆ ಗೂಬೆಯನ್ನು ವಾಪಸು ಕರೆಸಿ, ಇವತ್ತೇ, ಈಗಲೇ, ನಾನು ಹೊರಗೆ ಹಾಕಿಸಿದ್ದು ಎಂದು ಎಲ್ಲರ ಎದುರಿಗೆ ಹೇಳುತ್ತೇನೆ. ಗೀರಿನವನು, ನಾನೂ ಕಾಯುತ್ತೇನೆ ಎಂದ. ಸದ್ದಿನವನೂ ಅದನ್ನೇ ಹೇಳಿದ. ಕ್ಯಾಪ್ಟನ್ ಇನ್ನೂ ಸ್ವಲ್ಪ ಹೊತ್ತು ಗೊಣಗಿ, ಇವತ್ತು ಬಿಡುಗಡೆ ಇಲ್ಲ ಎಂದು ಕೊನೆಗೆ ಬರೆದು ಹಾಕಿದ. ಕಾಯುತ್ತಿದ್ದವರ ಬೈಗುಳ ಆ ಬರಹದ ಕೆಳಗೆ ಒಂದೊಂದಾಗಿ ಬೀಳತೊಡಗಿತು. ಅವಳು ಅವನ್ನೆಲ್ಲ ಓದಿದಳು, ಒಂದನ್ನೂ ಬಿಡದೆ. ಬೈಸಿಕೊಳ್ಳುವುದು ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ.

ಎಡಗಣ್ಣಿನ ಆಪರೇಷನ್ನಿಗೆ ಮುಂದಿನ ವಾರ ಬರುವುದಿಲ್ಲ, ಸ್ವಲ್ಪ ತಡವಾಗುತ್ತದೆ ಎಂದು ಆಸ್ಪತ್ರೆಗೆ ತಿಳಿಸುವಂತೆ ಗಂಡನಿಗೆ ಹೇಳಿದಳು. ಯಾಕೆ ಎಂದು ಅವನು ಗಾಬರಿಯಾದ. ಎಲ್ಲಿ ಎಷ್ಟು ತಪ್ಪಿದೆ ಎಂದು ತೋರಿಸುವುದಕ್ಕೆ ಈ ಹಳೆಯ ಕಣ್ಣು ಬೇಕು ಎಂದಳು, ಕೊನೆಯ ರೀಲು ಮುಗಿಯುವವರೆಗೆ ಹಾಗೇ ಇರಲಿ. ಡಾಕ್ಟರು ನನ್ನ ಕಿವಿ ಹಿಂಡುತ್ತಾರೆ ಎಂದು ಗೊಣಗುತ್ತ ಅವನು ಫೋನು ಹುಡುಕಿಕೊಂಡು ಹೋದ. ಗೂಬೆ ಗುಂಪಿಗೆ ಬಂದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಎಲ್ಲರೂ ಮಲಗುವವರೆಗೆ ಅವನು ಈ ಸಲ ಕಾದಿರಲಿಲ್ಲ. ಅವಳು ಹೇಳಬೇಕಾದ್ದನ್ನು ಎಲ್ಲರಿಗೂ ಕಾಣುವಂತೆ ಬರೆದಳು, ಕೋಟಿನ ಬಗ್ಗೆ ನೀವು ಹೇಳಿದ್ದು ಸರಿಯಾಗಿತ್ತು, ನಿಮ್ಮನ್ನು ನಗೆಪಾಟಲು ಮಾಡಿದ್ದು ನಾನು. ಬರೆದು, ತಿದ್ದಿದ ಮೊದಲ ರೀಲಿನ ತುಣುಕನ್ನು ಜೊತೆಗೆ ಕಳಿಸಿದಳು. ಅವನು ಅದನ್ನು ಅಳೆಯುವಷ್ಟು ಹೊತ್ತು ಬೈಗುಳಗಳನ್ನು ಮತ್ತೆ ಓದಿದಳು.

"ಕೋಟು ಬಿಳಿ," ಎಂದು ಬರೆದ. ಸ್ವಲ್ಪ ಬಿಟ್ಟು ಇನ್ನೊಂದು ಸಾಲು. "ಆಕಾಶದಲ್ಲಿ ನೇರಳೆ ಜಾಸ್ತಿ ಇದೆ. ಅಂಕಿ ಪ್ರಕಾರ ಅದು ಮಾಸಲು ಹಳದಿ ಇರಬೇಕು."

ಮಾಸಿದ ಅಸ್ತರು. ಚಿಕ್ಕಮ್ಮನೇ ಎದ್ದು ಬಂದು ಪಕ್ಕದಲ್ಲಿ ಕೂತಂತಾಯಿತು. ಊಟ ಆರುತ್ತಿದೆ ಎಂದು ಗಂಡ ಕೂಗಿದ. ಅವಳು ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ಕಿನ ಕಣ್ಣಿನ ಮುಚ್ಚಳಕ್ಕೆ ಕರವಸ್ತ್ರ ಸುತ್ತಿ ಎಡಗಣ್ಣಿಗೆ ಕಟ್ಟಿಕೊಂಡಳು. ಪರದೆಯ ಮೇಲೆ ವೈದ್ಯೆ ಗಾಜಿನ ಬುರುಡೆಗೆ ಕೈ ಹಾಕಿ ನಿಂತಿದ್ದಳು, ಕೋಟು ಬೆಳ್ಳಗೆ. ಹಿಂದೆ ಆಕಾಶ, ಎಷ್ಟು ಬೇಕೋ ಅಷ್ಟೇ ನೇರಳೆ. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಕೋಟು ನಿಮ್ಮದು," ಎಂದು ಬರೆದಳು. "ಆಕಾಶದ ಹತ್ತಿರ ಬರಬೇಡಿ. ಅದನ್ನ ನಾನು ನೋಡಿದೀನಿ."